ಬೇಕಂತಲೇ ಹೋಗಿದ್ದಾನಾ? ಹೋಗಿದ್ದರೆ ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ 22 ವರ್ಷ. ಡಿಗ್ರಿ ಕೊನೆಯ ವರ್ಷ. ಏಳು ವಾರದ ಹಿಂದೆ ಬೆಳಿಗ್ಗೆ ಮನೆಯಿಂದ ಹೊರಟವನು ವಾಪಸ್ ಬಂದಿಲ್ಲ. ಫೋನ್ ಮೇಜಿನ ಮೇಲೆ ಬಿಟ್ಟಿದ್ದಾನೆ, ಬೈಕ್ ಕೀ ಕೂಡ ಅಲ್ಲೇ ಇತ್ತು. ಆದರೆ ಸರ್ಟಿಫಿಕೇಟುಗಳ ಫೈಲ್, ಎರಡನೇ ಕನ್ನಡಕ, ಅಸ್ತಮಾದ ಇನ್‌ಹೇಲರ್ ಕಾಣುತ್ತಿಲ್ಲ. 'ಅವನಾಗಿಯೇ ಹೋಗಿದ್ದಾನೆ' ಅಂತಾರೆ ಪೊಲೀಸರು. ಅಮ್ಮ ಒಪ್ಪುತ್ತಿಲ್ಲ. ಮನೆಯಲ್ಲಿ ಯಾವ ಜಗಳವೂ ಆಗಿರಲಿಲ್ಲ. ಇಷ್ಟು ಪ್ರೀತಿಸುವ ಮನೆ ಇದ್ದೂ ಒಬ್ಬ ಹುಡುಗ ಬೇಕಂತಲೇ ಮಾಯವಾಗುತ್ತಾನಾ? ನಾವು ಏನು ತಪ್ಪು ಮಾಡಿದೆವು?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. 'ಏನು ತಪ್ಪು ಮಾಡಿದೆವು' ಅನ್ನೋದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಅದಕ್ಕೂ ಬರುತ್ತೇನೆ. ಮೊದಲನೆಯದಕ್ಕೆ ನೇರ ಉತ್ತರ ಹೌದು. ಪ್ರೀತಿಸುವ ಮನೆಯಿಂದಲೂ ಮಕ್ಕಳು ಬೇಕಂತಲೇ ಹೋಗುತ್ತಾರೆ. ಕಾಣೆಯಾದವರ ಮನೆಯವರ ಜೊತೆ, ಹೋಗಿ ತಿರುಗಿ ಬಂದವರ ಜೊತೆ ಆಪ್ತಸಮಾಲೋಚಕಿಯಾಗಿ ನಾನು ಕೆಲಸ ಮಾಡಲು ಶುರುಮಾಡಿ ಹದಿನೆಂಟು ವರ್ಷ ಆಯ್ತು. ಜಗಳವೇ ಆಗದ ಮನೆಗಳನ್ನು ಬಹಳ ನೋಡಿದ್ದೇನೆ.

ನೀವು ಬರೆದ ವಸ್ತುಗಳ ಸಾಲನ್ನು ಮೂರು ಸಲ ಓದಿದೆ. ಎರಡನೇ ಕನ್ನಡಕ. ಇನ್‌ಹೇಲರ್. ಸರ್ಟಿಫಿಕೇಟು. ಇವು ಮುಂದಿನ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡವನು ಎತ್ತಿಕೊಳ್ಳುವ ಸಾಮಾನು. ಒಂದು ಕನ್ನಡಕ ಒಡೆದರೆ ಇನ್ನೊಂದು ಬೇಕು, ಉಸಿರು ಕಟ್ಟಿದರೆ ಔಷಧಿ ಬೇಕು, ಎಲ್ಲಾದರೂ ಕೆಲಸ ಕೇಳಬೇಕಾದರೆ ಕಾಗದ ಬೇಕು. ಇದು ನನಗೆ ಸ್ವಲ್ಪ ಧೈರ್ಯ ಕೊಡುತ್ತದೆ. ಫೋನ್ ಬಿಟ್ಟು ಹೋಗಿದ್ದನ್ನು ಮಾತ್ರ ಎರಡು ರೀತಿ ಓದಬಹುದು. ಹುಡುಕಬಾರದು ಅನ್ನುವವನೂ ಬಿಡುತ್ತಾನೆ, ಬದುಕೇ ಬೇಡ ಅನ್ನಿಸಿದವನೂ ಬಿಡುತ್ತಾನೆ. ಹಾಗಾಗಿ ವಸ್ತುಗಳು ಹೇಳೋದು ಪುರಾವೆ ಅಲ್ಲ, ಸುಳಿವು ಅಷ್ಟೇ. 'ಅವನಾಗಿಯೇ ಹೋಗಿದ್ದಾನೆ' ಅನ್ನೋ ಮಾತಿಗೆ 'ಅಪಾಯ ಇಲ್ಲ' ಅನ್ನೋ ಅರ್ಥವೂ ಇಲ್ಲ. ಹೊರಟ ದಿನ ಬದುಕಬೇಕು ಅಂದುಕೊಂಡವನೇ ದುಡ್ಡು ಮುಗಿದ ದಿನ, ಒಂಟಿತನ ಹೆಚ್ಚಾದ ದಿನ ಕುಸಿಯಬಹುದು. ಇದನ್ನು ಪೊಲೀಸರಿಗೆ ಬಾಯಿ ಬಿಟ್ಟು ಹೇಳಿ. ಸ್ವಂತ ಇಷ್ಟದಿಂದ ಹೋದವನನ್ನೂ ಹುಡುಕಬೇಕು.

'ಬೇಕಂತಲೇ' ಅನ್ನೋ ಪದವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಕಾಣೆಯಾದವರ ಬಗ್ಗೆ 2003ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದರು. ಅದರಲ್ಲಿ ವಯಸ್ಕರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನ ತಾವೇ ನಿರ್ಧಾರ ಮಾಡಿ ಹೋದವರು. ಐದರಲ್ಲಿ ಒಬ್ಬರ ಹತ್ತಿರ ಹತ್ತಿರ ಜನ ನಿರ್ಧಾರವನ್ನೇ ಮಾಡಿರಲಿಲ್ಲ, ಸಂಪರ್ಕ ನಿಧಾನಕ್ಕೆ ತಪ್ಪಿ ದೂರ ಸರಿದಿದ್ದರು. ಮಿಕ್ಕವರಲ್ಲಿ ಮರೆವಿನ ಕಾಯಿಲೆ, ಅಪಘಾತ ಇಂಥವು ಸೇರುತ್ತವೆ, ಬಲವಂತಕ್ಕೆ ಸಿಕ್ಕವರು ಬಹಳ ಕಡಿಮೆ. ಆ ಸಂಶೋಧಕರು ಇದನ್ನು ಒಂದು ಗೆರೆಯ ಹಾಗೆ ನೋಡಿದರು. ಒಂದು ತುದಿಯಲ್ಲಿ ಪೂರ್ತಿ ಸ್ವಂತ ಇಷ್ಟ, ಇನ್ನೊಂದು ತುದಿಯಲ್ಲಿ ಪೂರ್ತಿ ಬಲವಂತ. ನನ್ನ ಮುಂದೆ ಕೂತ ಹೆಚ್ಚಿನ ಹುಡುಗ ಹುಡುಗಿಯರು ನಡುವೆ ಎಲ್ಲೋ ಇದ್ದವರು. ಕಾಲು ಅವರದೇ, ನಡೆದದ್ದು ಅವರೇ, ಆದರೆ 'ಬೇರೆ ದಾರಿ ಕಾಣಲಿಲ್ಲ ಮೇಡಂ' ಅಂತಲೇ ಹೇಳುತ್ತಾರೆ.

ಆ ದಾರಿ ಎಲ್ಲಿ ಮುಚ್ಚಿಹೋಗುತ್ತದೆ? ನಿಮ್ಮ ತಮ್ಮನ ವಯಸ್ಸಿನವರಲ್ಲಿ ನಾನು ಅತಿ ಹೆಚ್ಚು ಕಂಡದ್ದು ಒಂದೇ. ಹೇಳಲಾಗದ ಒಂದು ಮಾತು, ಮತ್ತು ಅದು ಬಯಲಾಗುವ ಒಂದು ತಾರೀಖು.

ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಎರಡನೇ ವರ್ಷದಲ್ಲಿ ನಾಲ್ಕು ವಿಷಯ ಫೇಲಾಗಿದ್ದ. ಮನೆಯಲ್ಲಿ ಹೇಳಲಿಲ್ಲ. ಮುಂದಿನ ಸಲ ಕಟ್ಟಿ ಪಾಸು ಮಾಡಿಕೊಂಡು ಆಮೇಲೆ ಹೇಳಿದರಾಯ್ತು ಅಂದುಕೊಂಡ. ಆಗಲಿಲ್ಲ. ಕಾಲೇಜಿನಿಂದ ಹೆಸರೂ ಹೋಯ್ತು. ಅಲ್ಲಿಂದ ಎರಡು ವರ್ಷ ದಿನಾ ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದ, ಒಂದು ಲೈಬ್ರರಿಯ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ, ಸಂಜೆ ಐದಕ್ಕೆ ವಾಪಸ್. ಪರೀಕ್ಷೆಯ ದಿನ ಅಮ್ಮ ಪೆನ್ನು ಕೊಟ್ಟು ಕಳಿಸುತ್ತಿದ್ದರು, ಅದನ್ನೂ ತೆಗೆದುಕೊಂಡು ಹೋಗುತ್ತಿದ್ದ. ಒಂದು ದಿನ ಅಡುಗೆಮನೆಯಿಂದ ಅಮ್ಮ ಕೇಳಿದರಂತೆ, 'ನಿನ್ನ ಪದವಿ ಪ್ರದಾನಕ್ಕೆ ಮನೆಯಿಂದ ಎಷ್ಟು ಜನ ಬರಬಹುದೋ?' 'ಇಬ್ಬರು' ಅಂದ. ಅವತ್ತು ರಾತ್ರಿಯೇ ಬ್ಯಾಗಿಗೆ ಬಟ್ಟೆ ತುಂಬಿಕೊಂಡ.

ಹದಿನಾಲ್ಕು ತಿಂಗಳಾದ ಮೇಲೆ ಸಿಕ್ಕಿದ. ನಾನು ಕೇಳಿದೆ, ಅಪ್ಪ ಹೊಡೆಯುತ್ತಾರೆ ಅಂತ ಭಯ ಇತ್ತೇನಪ್ಪಾ? 'ಇಲ್ಲ ಮೇಡಂ, ಹೊಡೆಯಲ್ಲ ಅಂತ ಗೊತ್ತಿತ್ತು. ಅಪ್ಪ ಏನೂ ಅನ್ನದೆ ಸುಮ್ನೆ ಕೂತುಬಿಡ್ತಾರಲ್ಲ, ಅದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ.'

ಪ್ರೀತಿಯ ಮನೆಯಿಂದ ಹೋಗುವವರ ಲೆಕ್ಕ ಹೀಗಿರುತ್ತದೆ ನೋಡಿ. ಬೈಯುವ ಮನೆಯಲ್ಲಿ ಬೈಸಿಕೊಂಡು ಮುಗಿಸಬಹುದು. ನಂಬಿಕೊಂಡು ಕೂತ ಮನೆಯಲ್ಲಿ ಆ ನಂಬಿಕೆ ಒಡೆಯುವುದನ್ನು ಕಣ್ಣಾರೆ ನೋಡಬೇಕು. ತಾನು ಇಲ್ಲದಿದ್ದರೆ ಅವರಿಗೆ ನೋವಾಗುತ್ತದೆ ಅಂತ ಗೊತ್ತಿರುತ್ತದೆ, ಆದರೆ ತಾನು ಇದ್ದು ಸತ್ಯ ಹೇಳಿದರೆ ಇನ್ನೂ ಜಾಸ್ತಿ ನೋವು ಅಂತ ಆ ವಯಸ್ಸಿನ ಮನಸ್ಸು ಲೆಕ್ಕ ಹಾಕಿರುತ್ತದೆ. ಆ ಲೆಕ್ಕ ತಪ್ಪು ಅಂತ ನನಗೂ ನಿಮಗೂ ಗೊತ್ತು. ಅವನಿಗೆ ಗೊತ್ತಿರಲಿಲ್ಲ.

ಹಾಗಾಗಿ ನಿಮಗೆ ಮೊದಲು ಹೇಳುವ ಕೆಲಸ ಇದು: ನಾಳೆಯೇ ಕಾಲೇಜಿಗೆ ಹೋಗಿ ಹಾಜರಿ, ಫೀಸು, ಫಲಿತಾಂಶ ಮೂರನ್ನೂ ಕೇಳಿ. ಅವನು ಹೇಳಿದ್ದೇ ನಿಜ ಅಂತ ಇಷ್ಟು ದಿನ ಯಾರೂ ಕೇಳಿರಲಿಕ್ಕಿಲ್ಲ. ಅವನು ಹೋದ ವಾರದ ಆಸುಪಾಸಿನಲ್ಲಿ ಯಾವ ತಾರೀಖು ಇತ್ತು ನೋಡಿ. ಫಲಿತಾಂಶವೋ, ಫೀಸು ಕಟ್ಟುವ ಕೊನೆ ದಿನವೋ, ಸಾಲದ ಕಂತೋ, ಯಾರಾದರೂ ಮನೆಗೆ ಬರುವುದಿತ್ತೋ. ಉತ್ತರ ಅಲ್ಲಿ ಸಿಗುತ್ತದೆ ಅಂತ ಭರವಸೆ ಕೊಡಲಾರೆ. ಆದರೂ ನಾನಾಗಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದೆ.

ಸಾಲದ ವಿಷಯವೂ ಇದೇ ದಾರಿಯದು. ಆನ್‌ಲೈನ್ ಆಟದಲ್ಲಿ ದುಡ್ಡು ಕಳೆದು, ಕಳೆದದ್ದನ್ನು ಗಳಿಸಲು ಆ್ಯಪ್‌ನಲ್ಲಿ ಸಾಲ ಮಾಡಿ, ಆ ಸಾಲ ತೀರಿಸಲು ಇನ್ನೊಂದು ಸಾಲ. ಆಮೇಲೆ ವಸೂಲಿಯವರು ಮನೆಯವರಿಗೆಲ್ಲ ಫೋಟೋ ಕಳಿಸುತ್ತೇವೆ ಅಂತ ಹೆದರಿಸುತ್ತಾರೆ. ಯಾರೋ ಖಾಸಗಿ ಫೋಟೋ ಇಟ್ಟುಕೊಂಡು ದುಡ್ಡು ಕೀಳುವುದೂ ಇದೆ. ಹುಡುಗರು ಇದನ್ನು ಯಾರಿಗೂ ಹೇಳುವುದಿಲ್ಲ, ನಾಚಿಕೆ ಅಷ್ಟು. ಇನ್ನು ಕೆಲವರು ಇಷ್ಟವಿಲ್ಲದ ಮದುವೆಯಿಂದ ಓಡುತ್ತಾರೆ, ಮನೆಯೊಳಗಿನ ಹೊಡೆತದಿಂದ, ಕಿರುಕುಳದಿಂದ ಓಡುತ್ತಾರೆ. ತಾವು ಗಂಡೋ ಹೆಣ್ಣೋ, ತಮ್ಮ ಒಲವು ಯಾರ ಕಡೆ ಅನ್ನೋದನ್ನು ಮನೆಯಲ್ಲಿ ಹೇಳಲಾಗದೆ, ಹೇಳಿಕೊಳ್ಳಬಹುದಾದ ಜಾಗ ಹುಡುಕಿ ಹೋದವರೂ ಇದ್ದಾರೆ. ಇವರಲ್ಲಿ ಕೆಲವರಿಗೆ ಹೋಗಿದ್ದೇ ಸರಿ ಅಂತ ನಾನು ಹೇಳುತ್ತೇನೆ. ಜೀವ ಉಳಿಸಿಕೊಳ್ಳಲು ಮನೆ ಬಿಟ್ಟವರನ್ನು ವಾಪಸ್ ಕರೆತರುವ ಕೆಲಸ ನನ್ನದಲ್ಲ.

ಕಾಯಿಲೆಯನ್ನೂ ಮರೆಯಬಾರದು. ಸ್ಕಿಜೋಫ್ರೇನಿಯಾದಂಥ ಗಂಭೀರ ಮಾನಸಿಕ ಕಾಯಿಲೆ ಹೆಚ್ಚಾಗಿ ಶುರುವಾಗೋದೇ ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ, ಅಂದರೆ ಸರಿಯಾಗಿ ನಿಮ್ಮ ತಮ್ಮನ ವಯಸ್ಸಿನಲ್ಲಿ. ಹೋಗುವ ಮುಂಚಿನ ತಿಂಗಳುಗಳಲ್ಲಿ ಅವನು ರಾತ್ರಿಯೆಲ್ಲ ಎದ್ದಿರುತ್ತಿದ್ದನಾ, ಯಾರೋ ನೋಡುತ್ತಿದ್ದಾರೆ ಅಂತ ಕಿಟಕಿ ಮುಚ್ಚುತ್ತಿದ್ದನಾ, ಗೆಳೆಯರನ್ನೆಲ್ಲ ಒಂದೊಂದಾಗಿ ಬಿಟ್ಟನಾ, ಸ್ನಾನ ಬಟ್ಟೆ ಕಡೆ ಗಮನ ಕಮ್ಮಿಯಾಗಿತ್ತಾ? ಆಗಿದ್ದರೆ ಪೊಲೀಸರಿಗೆ ಇವತ್ತೇ ತಿಳಿಸಿ, ಹುಡುಕಾಟದ ತೀವ್ರತೆಯೇ ಬದಲಾಗಬೇಕು. ಬಹಳ ಅಪರೂಪಕ್ಕೆ ತಾನು ಯಾರು ಅನ್ನೋದನ್ನೇ ಮರೆತು ಊರು ಬಿಡುವ ಸ್ಥಿತಿಯೂ ಇದೆ. 1887ರಲ್ಲಿ ಅಮೆರಿಕದ ಆನ್ಸೆಲ್ ಬೋರ್ನ್ ಅನ್ನೋ ಧರ್ಮಬೋಧಕರು ಬ್ಯಾಂಕಿನಿಂದ ದುಡ್ಡು ತೆಗೆದು ನಾಪತ್ತೆಯಾದರು. ಸುಮಾರು ಎರಡು ತಿಂಗಳ ನಂತರ ಬೇರೆ ರಾಜ್ಯದ ಒಂದು ಪಟ್ಟಣದಲ್ಲಿ, ಬೇರೆ ಹೆಸರಿನಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದವರಿಗೆ ಒಂದು ಬೆಳಿಗ್ಗೆ ತಾನು ಬೋರ್ನ್ ಅಂತ ನೆನಪಾಯ್ತು. ಅಂಗಡಿ ಯಾವಾಗ ಇಟ್ಟೆ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಬೋರ್ನ್ ಅವರನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಪರೀಕ್ಷಿಸಿದ್ದರು. ಸಿನಿಮಾ ನೋಡಿದ ಮನೆಯವರು 'ನೆನಪು ಹೋಗಿರಬೇಕು' ಅಂತಲೇ ಹಿಡಿದುಕೊಳ್ಳುತ್ತಾರೆ, ಅದಕ್ಕೇ ಹೇಳಿದೆ, ಇದು ತೀರಾ ಅಪರೂಪ.

ಅಪರೂಪವಲ್ಲದ ಇನ್ನೊಂದಿದೆ, ಅದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಸ್ವಂತ ಇಷ್ಟದಿಂದ ಹೋಗಿ, ಆಮೇಲೆ ಬರಲಾಗದೆ ಸಿಕ್ಕಿಬೀಳುವುದು. ವಿದೇಶದಲ್ಲಿ ಒಳ್ಳೆ ಸಂಬಳ, ಕಂಪ್ಯೂಟರ್ ಕೆಲಸ, ಸದ್ಯಕ್ಕೆ ಯಾರಿಗೂ ಹೇಳಬೇಡ ಅಂತ ಯಾರೋ ಆನ್‌ಲೈನ್‌ನಲ್ಲಿ ಕರೆಯುತ್ತಾರೆ. ಹೋದ ಮೇಲೆ ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂರಿಸಿ, ಬೇರೆಯವರಿಗೆ ಆನ್‌ಲೈನ್ ಮೋಸ ಮಾಡುವ ಕೆಲಸ ಮಾಡಿಸುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕಡಿಮೆಯೆಂದರೂ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಜಾಗಗಳಲ್ಲಿ ಇದ್ದಿರಬಹುದು. ಓದಿಕೊಂಡ, ಕಂಪ್ಯೂಟರ್ ಬಲ್ಲ ಹುಡುಗರೂ ಅದರಲ್ಲಿದ್ದಾರೆ. ಸರ್ಟಿಫಿಕೇಟು ತೆಗೆದುಕೊಂಡು ಹೋಗಿದ್ದಾನೆ ಅಂದಿರಿ. ಪಾಸ್‌ಪೋರ್ಟ್ ಇದೆಯಾ ನೋಡಿ. ಇಲ್ಲದಿದ್ದರೆ ಈ ಕಡೆಯಿಂದಲೂ ವಿಚಾರಿಸಲು ಪೊಲೀಸರನ್ನು ಒತ್ತಾಯಿಸಿ.

ಯಾವ ಕಷ್ಟವೂ ಇಲ್ಲದೆ, ಬರೀ ಬೇರೆ ಬದುಕು ಬೇಕು ಅಂತ ಹೋಗುವವರು? ಇದ್ದಾರೆ, ಕಡಿಮೆ. ಅಮೆರಿಕದ ಕ್ರಿಸ್ಟೋಫರ್ ಮೆಕ್‌ಕ್ಯಾಂಡ್ಲೆಸ್ 1990ರಲ್ಲಿ ಪದವಿ ಮುಗಿಸಿದ, ಕೂಡಿಟ್ಟಿದ್ದ ಸುಮಾರು 24,000 ಡಾಲರ್ ದಾನ ಮಾಡಿದ, ಹೆಸರು ಬದಲಿಸಿಕೊಂಡು ಮನೆಯವರಿಗೆ ಒಂದು ಮಾತೂ ಹೇಳದೆ ಹೊರಟ. ಮನೆಯವರು ಖಾಸಗಿ ಪತ್ತೇದಾರರನ್ನು ಇಟ್ಟು ಹುಡುಕಿಸಿದರೂ ಸಿಗಲಿಲ್ಲ. 1992ರಲ್ಲಿ ಅಲಾಸ್ಕಾದ ಕಾಡಿನಲ್ಲಿ, ಕೆಟ್ಟು ನಿಂತ ಒಂದು ಬಸ್ಸಿನೊಳಗೆ ಅವನ ದೇಹ ಸಿಕ್ಕಿತು. 24 ವರ್ಷ. ಅವನನ್ನು ಸ್ವಾತಂತ್ರ್ಯ ಹುಡುಕಿ ಹೋದ ವೀರ ಅನ್ನುವವರಿದ್ದಾರೆ. ಅವನ ತಂಗಿ ಆಮೇಲೆ, ಮನೆಯೊಳಗೆ ಹಿಂಸೆ ಇತ್ತು, ಅಣ್ಣ ಓಡಿದ್ದು ಅದರಿಂದ ಅಂತ ಬರೆದರು. ಹೊರಗಿನವರ ಕಣ್ಣಿಗೆ ಸಾಹಸದ ಹಾಗೆ ಕಂಡದ್ದು ಒಳಗೆ ಬೇರೆಯೇ ಇರಬಹುದು.

ಈಗ ನಿಮ್ಮ ಅಮ್ಮನ ಮಾತಿಗೆ ಬರೋಣ. ಬದುಕಿದ್ದರೆ ಒಂದು ಫೋನ್ ಮಾಡುತ್ತಿದ್ದ ಅನ್ನೋದೇ ಅವರ ವಾದ ಇರಬೇಕು, ಎಲ್ಲ ಅಮ್ಮಂದಿರದ್ದೂ ಅದೇ. ಲೈಬ್ರರಿಯಲ್ಲಿ ಕೂರುತ್ತಿದ್ದ ಆ ಹುಡುಗನನ್ನು ನಾನೂ ಇದನ್ನೇ ಕೇಳಿದೆ. ಮೊದಲ ವಾರದಲ್ಲೇ ಯಾರದ್ದೋ ಫೋನ್ ಕೇಳಿ ಪಡೆದು ಮನೆ ನಂಬರಿನ ಕೊನೆಯ ಒಂದು ಅಂಕಿ ಬಿಟ್ಟು ಎಲ್ಲ ಒತ್ತಿದ್ದನಂತೆ. ಆಮೇಲೆ ಅಳಿಸಿದ. ಮೊದಲ ದಿನ ಹೇಳಬೇಕಾಗಿದ್ದದ್ದು ಫೇಲಾದ ವಿಷಯ ಒಂದೇ. ಒಂದು ವಾರ ಆದ ಮೇಲೆ ಅದರ ಜೊತೆ ಹೇಳದೆ ಹೋದ ತಪ್ಪು. ಒಂದು ತಿಂಗಳಾದ ಮೇಲೆ ಅಮ್ಮನನ್ನು ಅಷ್ಟು ದಿನ ಅಳಿಸಿದ ತಪ್ಪು. ದಿನ ಹೋದಂತೆ ಕ್ಷಮೆ ಕೇಳಬೇಕಾದ ಭಾರ ಬೆಳೆಯುತ್ತಾ ಹೋಗುತ್ತದೆ, ಕೊನೆಗೆ ಹೋಗಿದ್ದಕ್ಕಿಂತ ವಾಪಸ್ ಬರೋದೇ ಕಷ್ಟವಾಗುತ್ತದೆ. ಅವನು ಸುಮ್ಮನಿರೋದಕ್ಕೆ ನಿಮ್ಮ ಮೇಲಿನ ದ್ವೇಷ ಕಾರಣ ಅಂತ ತೀರ್ಮಾನ ಮಾಡಬೇಡಿ.

ಇನ್ನೊಂದೂ ಇದೆ. ಬ್ರಿಟನ್ನಿನಲ್ಲಿ ಕಾಣೆಯಾಗಿ ಮರಳಿದ 45 ವಯಸ್ಕರನ್ನು ಸಂಶೋಧಕರು ಕೂರಿಸಿಕೊಂಡು ಮಾತಾಡಿಸಿದ್ದರು. ಅವರಲ್ಲಿ ಬಹಳ ಜನ ತಾವು 'ಕಾಣೆಯಾಗಿದ್ದೇವೆ' ಅಂತಲೇ ಅಂದುಕೊಂಡಿರಲಿಲ್ಲ. ಸ್ವಲ್ಪ ದೂರ ಇರಬೇಕಿತ್ತು, ತಲೆ ಶಾಂತವಾಗಬೇಕಿತ್ತು, ಅಷ್ಟೇ. ನೀವು ಇಲ್ಲಿ ನಿದ್ದೆ ಬಿಟ್ಟು ಹುಡುಕುತ್ತಿದ್ದೀರಿ, ಅವನಿಗೆ ತಾನು ಹುಡುಕಾಟದ ವಸ್ತು ಆಗಿದ್ದೇನೆ ಅನ್ನೋದೇ ತಲೆಯಲ್ಲಿ ಇಲ್ಲದಿರಬಹುದು. ಹಾಗಂತ ಎಲ್ಲ ಮೌನವೂ ಕರಗುತ್ತದೆ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಜರ್ಮನಿಯಲ್ಲಿ 1984ರಲ್ಲಿ ಕಾಣೆಯಾದ ಒಬ್ಬ ವಿದ್ಯಾರ್ಥಿನಿ ಕೊಲೆಯಾಗಿದ್ದಾಳೆ ಅಂತಲೇ ಎಲ್ಲರೂ ನಂಬಿದ್ದರು, ಸತ್ತಿದ್ದಾಳೆ ಅಂತ ಅಧಿಕೃತವಾಗಿ ಘೋಷಣೆಯೂ ಆಗಿತ್ತು. 2015ರಲ್ಲಿ ಬೇರೊಂದು ಊರಿನಲ್ಲಿ ಜೀವಂತ ಸಿಕ್ಕಳು. ಮನೆಯವರ ಸಂಪರ್ಕ ಬೇಡ ಅಂದಳು. ಜಪಾನಿನಲ್ಲಿ ಹೀಗೆ ತಾವಾಗಿಯೇ ಮರೆಯಾಗುವವರಿಗೆ 'ಜೋಹತ್ಸು' ಅನ್ನೋ ಪದವೇ ಇದೆ, ಆವಿಯಾದವರು ಅಂತ ಅರ್ಥ. ರಾತ್ರೋರಾತ್ರಿ ಸಾಮಾನು ಸಾಗಿಸಿಕೊಡುವ ಕಂಪನಿಗಳೂ ಅಲ್ಲಿವೆ.

ಕಾನೂನು ಏನು ಮಾಡುತ್ತದೆ ಅಂತ ತಿಳಿದಿರಲಿ, ಆಮೇಲೆ ಆಘಾತ ಆಗಬಾರದು. ವಯಸ್ಕರು ಮನೆ ಬಿಟ್ಟು ಹೋಗೋದು ಅಪರಾಧ ಅಲ್ಲ. ಪೊಲೀಸರು ಪತ್ತೆ ಹಚ್ಚಿದರೂ ಅವನು ಬೇಡ ಅಂದರೆ ಬಹಳ ಕಡೆ ವಿಳಾಸ ಕೊಡುವುದಿಲ್ಲ, ಕ್ಷೇಮವಾಗಿದ್ದಾನೆ ಅಂತಷ್ಟೇ ಹೇಳುತ್ತಾರೆ. ಆ ಒಂದು ಮಾತು ಸಾಕಾ ಅಂತ ಅಮ್ಮನನ್ನು ಈಗಲೇ ಮೆಲ್ಲಗೆ ಕೇಳಿ. ಸಾಕು ಅಂದರೆ ಅದನ್ನು ಅವನಿಗೂ ತಿಳಿಸಬೇಕು.

ತಿಳಿಸೋದು ಹೇಗೆ? ಅವನ ಗೆಳೆಯರನ್ನು 'ಎಲ್ಲಿದ್ದಾನೆ ಹೇಳು' ಅಂತ ಹಿಡಿದು ಕೂರಿಸಬೇಡಿ, ಗೊತ್ತಿದ್ದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. 'ನನಗೇನೂ ಹೇಳಬೇಡ, ಈ ನಾಲ್ಕು ಸಾಲು ಅವನಿಗೆ ತಲುಪಿಸು' ಅನ್ನಿ. ಅವನ ಇಮೇಲಿಗೂ ಅದನ್ನೇ ಕಳಿಸಿ. ಸಾಲುಗಳು ಹೀಗಿರಲಿ: ನೀನು ಬರಬೇಕಾಗಿಲ್ಲ. ಯಾಕೆ ಹೋದೆ ಅಂತ ಹೇಳಬೇಕಾಗಿಲ್ಲ. ಏನಾಗಿದ್ದರೂ ನಾವು ನೋಡಿಕೊಳ್ಳುತ್ತೇವೆ. ಇದ್ದೇನೆ ಅಂತ ಒಂದು ಮಾತು ಯಾರ ಕೈಲಾದರೂ ಹೇಳಿಸು. 'ಅಮ್ಮ ಹಾಸಿಗೆ ಹಿಡಿದಿದ್ದಾಳೆ, ನಿನ್ನಿಂದಲೇ' ಅಂತ ಮಾತ್ರ ಬರೆಯಬೇಡಿ. ನಾಚಿಕೆಯಿಂದ ಓಡಿದವನ ಮೇಲೆ ಇನ್ನೊಂದು ಕಲ್ಲು ಹೊರಿಸಿದ ಹಾಗೆ ಅದು. ಮನೆಯ ಹಳೆ ಫೋನ್ ನಂಬರ್ ಯಾವ ಕಾರಣಕ್ಕೂ ಬದಲಿಸಬೇಡಿ, ಅವನಿಗೆ ಬಾಯಿಪಾಠ ಇರೋದು ಅದೊಂದೇ ಇರಬಹುದು. 'ನಿಮ್ಮ ಹುಡುಗ ನಮ್ಮ ಹತ್ತಿರ ಇದ್ದಾನೆ, ಇಷ್ಟು ದುಡ್ಡು ಕಳಿಸಿ' ಅನ್ನೋ ಫೋನುಗಳೂ ಬರುತ್ತವೆ. ಆತುರಕ್ಕೆ ಕಳಿಸಬೇಡಿ, ನಂಬರನ್ನು ಪೊಲೀಸರಿಗೆ ಕೊಡಿ.

ನೀವು ಏನು ತಪ್ಪು ಮಾಡಿದಿರಿ? ನನಗೆ ಕಾಣುವ ಮಟ್ಟಿಗೆ, ತಪ್ಪು ಅನ್ನುವಂಥದ್ದು ಏನೂ ಇಲ್ಲ. ಜಗಳ ಆಗದ ಮನೆ ಅಂದಿರಲ್ಲ, ಅಲ್ಲಿ ಕೆಟ್ಟ ಸುದ್ದಿ ಹೇಗೆ ಹೇಳುತ್ತಿದ್ದರು ಅಂತ ಒಮ್ಮೆ ಯೋಚಿಸಿ. ನೀವೇ ಚಿಕ್ಕವರಿದ್ದಾಗ ಏನಾದರೂ ತಪ್ಪು ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದಿರಿ? ಯಾರೂ ನೆನಪಿಗೆ ಬರದಿದ್ದರೆ, ಅವನಿಗೂ ಯಾರೂ ಸಿಕ್ಕಿರಲಿಲ್ಲ ಅಂತ ಅರ್ಥ. ಅದನ್ನು ಅಪರಾಧ ಅಂತ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಅವನು ಬಂದಾಗ ಬದಲಿಸಬಹುದಾದ ಒಂದು ಸಂಗತಿ ಅಂತ ಇಟ್ಟುಕೊಳ್ಳಿ.

ಅಮ್ಮ ಒಂದು ದಿನ ಅವನ ಬಟ್ಟೆ ಒಗೆದು ಮಡಚಿಡುತ್ತಾರೆ, ಇನ್ನೊಂದು ದಿನ ಸತ್ತೇ ಹೋದ ಅಂತ ಅಳುತ್ತಾರೆ, ಅಲ್ವಾ? ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಮನೆಯವರಲ್ಲಿ ಇದನ್ನೇ ಕಂಡರು. ಇದ್ದಾನೋ ಇಲ್ಲವೋ ತಿಳಿಯದ ನೋವಿಗೆ ಅವರು ಬೇರೆ ಹೆಸರನ್ನೇ ಕೊಟ್ಟರು, ಅಸ್ಪಷ್ಟ ನಷ್ಟ ಅನ್ನಬಹುದು ನಾವು. ಸಾವಿಗಾದರೂ ಅಳು ಮುಗಿಸುವ ದಾರಿ ಇದೆ, ಇದಕ್ಕೆ ಇಲ್ಲ. ಎರಡೂ ಭಾವ ಒಟ್ಟಿಗೇ ಇರಲಿ ಬಿಡಿ, ಒಂದನ್ನು ಆರಿಸಿಕೋ ಅಂತ ಅಮ್ಮನನ್ನು ಒತ್ತಾಯಿಸಬೇಡಿ. ನೀವೂ ನಿದ್ದೆ ಮಾಡಿ. ಫೋನ್ ಕಾಯಲು ಮನೆಯವರು ಸರದಿ ಹಾಕಿಕೊಳ್ಳಿ.

ಕೊನೆಯದಾಗಿ ಆ ಇನ್‌ಹೇಲರ್. ಸಾಮಾನ್ಯವಾಗಿ ಒಂದರಲ್ಲಿ 200 ಸಲ ಎಳೆಯುವಷ್ಟು ಔಷಧಿ ಇರುತ್ತದೆ. ಅವನು ದಿನಕ್ಕೆ ಎಷ್ಟು ಸಲ ಎಳೆಯುತ್ತಿದ್ದ, ಹೋಗುವಾಗ ಅದು ಹೊಸದಾ ಹಳೆಯದಾ ಅಂತ ನೆನಪು ಮಾಡಿಕೊಂಡು ಲೆಕ್ಕ ಹಾಕಿ. ಅದು ಈಗಾಗಲೇ ಮುಗಿದಿರಬಹುದು, ಅಂದರೆ ಅವನು ಎಲ್ಲೋ ಒಂದು ಔಷಧಿ ಅಂಗಡಿಗೋ ಕ್ಲಿನಿಕ್ಕಿಗೋ ಹೋಗಿರಬೇಕು. ಆ ಔಷಧಿಯ ಹೆಸರು, ಬಣ್ಣ, ಪ್ರಮಾಣ ಬರೆದು ಪೊಲೀಸರಿಗೆ ಕೊಡಿ. ಕಳಿಸುವ ನಾಲ್ಕು ಸಾಲಿನ ಕೆಳಗೆ ಅವನ ಔಷಧಿ ಚೀಟಿಯ ಫೋಟೋ ಕೂಡ ಹಾಕಿ. ಫೋನ್ ಬಂದ ದಿನ 'ಎಲ್ಲಿದ್ದೀಯ' ಅಂತ ಕೇಳುವ ಮುಂಚೆ ಇನ್‌ಹೇಲರ್ ಇದೆಯೇನೋ, ಮುಗಿದಿದೆಯಾ ಅಂತ ಕೇಳಿ.